ಹೂಳು ತೆಗೆಯಲು ಒಪ್ಪಿಗೆ ಇತ್ತು, ಹಾಕಲು ಇರಲಿಲ್ಲ

ಮೇ ತಿಂಗಳ ಕೊನೆಯ ವಾರ. ಮಂಡ್ಯ ತಾಲೂಕಿನ ಒಂದು ಊರಿನ ಕೆರೆ. ಆರು ಟಿಪ್ಪರ್ ಸಾಲಾಗಿ ನಿಂತಿದ್ದವು. ಮೊದಲನೇ ಟಿಪ್ಪರ್ ಮುಂದೆ ಎಪ್ಪತ್ತು ದಾಟಿದ ಅಜ್ಜ ಒಬ್ಬರು ಟವೆಲ್ ಹಾಸಿಕೊಂಡು ಕೂತುಬಿಟ್ಟರು.

"ಏನಪ್ಪಾ ಇಂಜಿನಿಯರ್ರೇ, ಕೆರೆ ಮಣ್ಣು ತೆಗ್ದು ಕೆರೆಗೇ ಹಾಕ್ತಾ ಇದ್ದೀರಲ್ಲಾ, ಇದ್ಯಾವ ಸೀಮೆ ಕೆಲ್ಸ?"

ಮೂರು ವರ್ಷ ಆಯಿತು. ಆ ಮಾತು ಈಗಲೂ ಚುಚ್ಚುತ್ತದೆ. ಯಾಕೆಂದರೆ ಮಣ್ಣು ಅಲ್ಲಿಗೆ ಸುರಿಯಿರಿ ಅಂತ ಹೇಳಿದವನು ನಾನೇ.

ಆಗ ನಾನು ಒಬ್ಬ ಕಂಟ್ರಾಕ್ಟರ್ ಹತ್ತಿರ ಸೈಟ್ ಇಂಜಿನಿಯರ್. ವರ್ಕ್ ಆರ್ಡರ್, ಎಸ್ಟಿಮೇಟ್, ಅಳತೆ ಪುಸ್ತಕ (ಎಂಬಿ) ಎಲ್ಲಾ ಸರಿಯಾಗಿಯೇ ಇತ್ತು. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ, ಹಾಗಾಗಿ ಪಂಚಾಯ್ತಿಗೆ ಸೇರಿದ್ದು. ಮೊದಲ ವಾರ ತೊಂದರೆಯೇ ಇರಲಿಲ್ಲ. ರೈತರು ಟ್ರ್ಯಾಕ್ಟರ್ ತಂದು ಹೂಳನ್ನು ಹೊಲಕ್ಕೆ ಹೊಡೆದುಕೊಂಡರು. ಆಮೇಲೆ ನಿಂತುಹೋಯಿತು. ಸುತ್ತ ಇದ್ದದ್ದೆಲ್ಲ ಬೆಳೆದು ನಿಂತ ಕಬ್ಬು. ಖಾಲಿ ಹೊಲ ಬೇಕು ಅಂದರೆ ಮೂರು ಕಿಲೋಮೀಟರ್ ಹೋಗಬೇಕು. ಎಸ್ಟಿಮೇಟಿನಲ್ಲಿ ಲೀಡ್, ಅಂದರೆ ಮಣ್ಣು ಸಾಗಿಸುವ ದೂರ, ಇದ್ದದ್ದು ಒಂದೇ ಕಿಲೋಮೀಟರ್. ಆಫೀಸಿಗೆ ಫೋನ್ ಮಾಡಿದರೆ, "ಡೀಸೆಲ್ ದುಡ್ಡು ಯಾರು ಕೊಡ್ತಾರೆ? ಅಲ್ಲೇ ಎಲ್ಲಾದ್ರೂ ಅಡ್ಜಸ್ಟ್ ಮಾಡಿ" ಅಂದರು. ಮಳೆ ಬರುವುದರೊಳಗೆ ಮುಗಿಸಬೇಕು ಅನ್ನುವ ಒತ್ತಡ ಬೇರೆ.

ಆವತ್ತು ಸಂಜೆ ಕೆರೆಯ ತಲೆ ಕಡೆ, ಅಂದರೆ ನೀರು ಒಳಗೆ ಬರುವ ಕಡೆ, ನಡೆದುಕೊಂಡು ಹೋದೆ. ಒಣ ಬಯಲು. ಸೀಮೆಜಾಲಿ, ನಾಲ್ಕಾರು ಮೇಕೆ, ಹುಡುಗರು ಕ್ರಿಕೆಟ್‌ಗೆ ನೆಟ್ಟ ಮೂರು ಕಡ್ಡಿ. ಮೊಬೈಲ್ ಮ್ಯಾಪಿನಲ್ಲೂ ಅಲ್ಲಿ ನೀಲಿ ಬಣ್ಣ ಇರಲಿಲ್ಲ. ಸಾಗುವಳಿಗೆ ಬಾರದ ಯಾವುದೋ ಖರಾಬು ಇರಬೇಕು ಅಂದುಕೊಂಡೆ. ಪಹಣಿ ತೆಗೆದು ನೋಡಲಿಲ್ಲ. ಗ್ರಾಮ ನಕ್ಷೆ ನನ್ನ ಬ್ಯಾಗಿನಲ್ಲೇ ಇತ್ತು, ಅದನ್ನೂ ಬಿಚ್ಚಲಿಲ್ಲ. ಹಿಟಾಚಿ ಆಪರೇಟರ್‌ಗೆ ಜಾಗ ತೋರಿಸಿ ಬಂದೆ. ಮೂರು ದಿನದಲ್ಲಿ ನೂರನಲವತ್ತು ಲೋಡ್ ಬಿತ್ತು.

ಅಜ್ಜ ಕೂತ ಮೇಲೆ ಜನ ಸೇರಿದರು. ಯಾರೋ ತಾಲೂಕು ಕಚೇರಿಗೆ ಫೋನ್ ಮಾಡಿದರು. ಹನ್ನೊಂದಕ್ಕೆ ಗ್ರಾಮ ಲೆಕ್ಕಿಗರು (ವಿಎ) ಬಂದರು, ಹನ್ನೆರಡಕ್ಕೆ ಸರ್ವೆಯರ್. ಡ್ರೈವರುಗಳು ಒಬ್ಬೊಬ್ಬರಾಗಿ ಎಂಜಿನ್ ಆಫ್ ಮಾಡಿದರು. ಆ ನಿಶ್ಶಬ್ದದಲ್ಲಿ ನನಗೆ ಮೊದಲ ಸಲ ಹೆದರಿಕೆ ಆಯಿತು. ಆದರೂ ಬಾಯಿ ಬಿಡದೆ ಇರಲಿಲ್ಲ. "ಇಲ್ಲಿ ನೀರೇ ನಿಲ್ಲೋದಿಲ್ಲ ಸಾರ್, ಇದು ಕೆರೆ ಹೇಗಾಗುತ್ತೆ?" ಅಂತ ವಾದ ಮಾಡಿದೆ.

ಅಜ್ಜ ಎದ್ದು ಬಂದರು. ನಾನು ಸುರಿಸಿದ್ದ ಗುಡ್ಡೆಯ ಅಂಚಿನಲ್ಲಿ, ಇನ್ನೂ ಮುಚ್ಚದೆ ಉಳಿದ ನೆಲವನ್ನು ಹಾರೆಯಿಂದ ಎರಡು ಸಲ ಮೀಟಿದರು. ಕಪ್ಪು ಹೆಂಟೆ ಎದ್ದಿತು. ಅದನ್ನು ಕೈಯಲ್ಲಿ ಒಡೆದು ನನ್ನ ಮುಂದೆ ಹಿಡಿದರು. ಒಳಗೆ ಬಿಳೀ ಬಸವನಹುಳದ ಚಿಪ್ಪುಗಳು, ಜೊಂಡಿನ ಒಣ ಬೇರು. "ನೀರ್ ಇಲ್ದೇ ಇವು ಎಲ್ಲಿಂದ ಬಂದ್ವಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರ್ವೆಯರ್ ಟಿಪ್ಪಣಿ (ಹಳೆಯ ಸರ್ವೆ ಅಳತೆಯ ನಕ್ಷೆ) ಹಿಡಿದು ಅಳೆದರು. ಗಡಿ ತೋರಿಸುವ ಬಾಂದು ಕಲ್ಲು ಸಿಕ್ಕಿದ್ದು ನನ್ನ ಗುಡ್ಡೆಗಿಂತ ಅರವತ್ತು ಅಡಿ ಆಚೆ, ಕಬ್ಬಿನ ಗದ್ದೆಯ ಬದುವಿನಲ್ಲಿ. ಅಲ್ಲಿಯವರೆಗೂ ಸರ್ಕಾರಿ ಕೆರೆ. ಸಾಲದ್ದಕ್ಕೆ ಮೇಲಿಂದ ನೀರು ತರುವ ಹಳ್ಳದ ಬಾಯಿಯನ್ನೂ ಅರ್ಧ ಮುಚ್ಚಿದ್ದೆ. ಮಹಜರಿಗೆ ಸಹಿ ಹಾಕುವಾಗ ಕೈ ನಡುಗಿತು.

ನಮ್ಮ ಆಫೀಸಿನಲ್ಲಿ ಒಂದು ಮಾತು ಓಡಾಡುತ್ತಿತ್ತು. 2017ರ ಕೇಂದ್ರದ ಜೌಗು ಪ್ರದೇಶ ನಿಯಮಗಳು ನೀರಾವರಿಗೆ ಕಟ್ಟಿದ ಕೆರೆಗೆ ಬರುವುದಿಲ್ಲ, ಅದೆಲ್ಲ ರಂಗನತಿಟ್ಟಿನಂಥ ರಾಮ್ಸಾರ್ ತಾಣಕ್ಕೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಕ್ಕೆ) ಅಂತ. ಮಾತು ಪೂರ್ತಿ ಸುಳ್ಳಲ್ಲ, ಆ ನಿಯಮಗಳು ಇಂಥ ಕೆರೆಗಳನ್ನು ಹೊರಗಿಟ್ಟಿವೆ. ಆದರೆ ನಮ್ಮ ರಾಜ್ಯದ್ದೇ 2014ರ ಕೆರೆ ಸಂರಕ್ಷಣಾ ಕಾಯ್ದೆ ಇದೆಯಲ್ಲ, ಅದನ್ನು ಯಾರೂ ಓದಿರಲಿಲ್ಲ. ಕಂದಾಯ ದಾಖಲೆಯಲ್ಲಿ ಕೆರೆ, ಕುಂಟೆ, ಕಟ್ಟೆ ಅಂತ ಇದ್ದರೆ, ನೀರಿರಲಿ ಬಿಡಲಿ, ಅದು ಕೆರೆಯೇ. ಏರಿ, ತೂಬು, ನೀರು ಬರುವ ಕಾಲುವೆ ಎಲ್ಲಾ ಅದರೊಳಗೇ ಬರುತ್ತವೆ. ಅದಕ್ಕೆ ಮಣ್ಣು ಸುರಿಯುವಂತಿಲ್ಲ, ಹರಿವು ತಡೆಯುವಂತಿಲ್ಲ. ಸುರಿದಾದ ಮೇಲೆ ಸಕ್ರಮ ಮಾಡಿಸಿಕೊಳ್ಳೋಣ ಅನ್ನುವವರೂ ಇದ್ದರು. ಪಂಜಾಬಿನ ಒಂದು ಹಳ್ಳಿಯ ಕೆರೆ ಮುಚ್ಚಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಅಂಥ ಸಕ್ರಮವನ್ನು ಒಪ್ಪಲಿಲ್ಲ.

ಆ ರಾತ್ರಿ ನಿದ್ದೆ ಬರದೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಮೆರಿಕದ 1972ರ ಶುದ್ಧ ನೀರಿನ ಕಾಯ್ದೆಯ 404ನೇ ಸೆಕ್ಷನ್ ಕಣ್ಣಿಗೆ ಬಿತ್ತು. ಅಗೆದು ತೆಗೆದ ಮಣ್ಣನ್ನು ನೀರಿಗೋ ಜೌಗಿಗೋ ಹಾಕುವುದಕ್ಕೇ ಅಲ್ಲಿ ಪರ್ಮಿಟ್ ಬೇಕು. ಕಡಿಮೆ ಹಾನಿಯ, ಮಾಡಲು ಆಗುವಂಥ ಬೇರೆ ದಾರಿ ಇದ್ದರೆ ಪರ್ಮಿಟ್ ಸಿಗುವುದಿಲ್ಲ. ಮೊದಲು ಹಾನಿ ತಪ್ಪಿಸು, ಆಮೇಲೆ ಕಡಿಮೆ ಮಾಡು, ಉಳಿದದ್ದಕ್ಕೆ ಪರಿಹಾರ ಕೊಡು ಅನ್ನುವ ಕ್ರಮ. ನಮ್ಮ ಕಾನೂನು ಬೇರೆ, ನಿಜ. ಆದರೆ ಬೇರೆ ದಾರಿ ಇತ್ತಾ ಅನ್ನುವ ಪ್ರಶ್ನೆ ನನ್ನನ್ನೇ ಕೇಳಿದ ಹಾಗಿತ್ತು. ಇತ್ತು. ಮೂರು ಕಿಲೋಮೀಟರ್ ದೂರದಲ್ಲಿ ಖಾಲಿ ಹೊಲಗಳಿದ್ದವು. ಲೀಡ್ ರಿವೈಸ್ ಮಾಡಿ ಅಂತ ಒಂದು ಪತ್ರ ಬರೆದಿದ್ದರೆ ಸಾಕಿತ್ತು.

ನೂರನಲವತ್ತು ಲೋಡನ್ನೂ ಎತ್ತಿಸಿದೆವು. ಐದು ದಿನ ಹಿಡಿಯಿತು. ಅದಕ್ಕೆ ಬಿಲ್ ಆಗಲಿಲ್ಲ. ಕಂಟ್ರಾಕ್ಟರ್ ನನ್ನ ಒಂದು ತಿಂಗಳ ಸಂಬಳ ಹಿಡಿದರು. ಅದು ಅನ್ಯಾಯ ಅಂತ ಇವತ್ತಿಗೂ ನನ್ನ ಅಭಿಪ್ರಾಯ. ಅಡ್ಜಸ್ಟ್ ಮಾಡಿ ಅಂದವರು ಅವರೇ ಅಲ್ವಾ? ಆದರೆ ನಕ್ಷೆ ಬಿಚ್ಚದೆ ಇದ್ದದ್ದು ನಾನು.

ಈಗ ಮೈಸೂರಿನಲ್ಲಿ ಬೇರೆ ಕಡೆ ಕೆಲಸ. ಹೂಳೆತ್ತುವ ಎಸ್ಟಿಮೇಟ್ ಬಂದರೆ ಮೊದಲು ಸರ್ವೆಯರ್ ಕರೆದುಕೊಂಡು ಹೋಗಿ ಬಾಂದು ಕಲ್ಲು ಹುಡುಕುತ್ತೇನೆ. ಹೂಳು ಎಷ್ಟು ಕ್ಯೂಬಿಕ್ ಮೀಟರ್ ಅಂತ ಬರೆಯಲು ನಮ್ಮ ಫಾರ್ಮ್ಯಾಟಿನಲ್ಲಿ ಕಾಲಂ ಇದೆ, ಎಲ್ಲಿ ಹಾಕುವುದು ಅಂತ ಬರೆಯಲು ಇಲ್ಲ. ಸೇರಿಸಿ ಅಂತ ಎರಡು ಸಲ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ಅಲ್ಲಿಯವರೆಗೂ ಹಾಳೆಯ ಹಿಂಭಾಗದಲ್ಲಿ ಹೊಲಗಳ ಸರ್ವೆ ನಂಬರ್ ಪೆನ್ನಿನಲ್ಲಿ ಬರೆದು, ಹೊಲದವರ ಸಹಿ ಹಾಕಿಸಿಕೊಂಡೇ ಹಿಟಾಚಿ ಇಳಿಸುತ್ತೇನೆ.