ಸೋತ ರಾತ್ರಿ, ಮೈಕಿನ ಮುಂದೆ

2018ರ ಮಾರ್ಚ್ 16ರ ರಾತ್ರಿ ಅಮೆರಿಕದ ಶಾರ್ಲೆಟ್ ನಗರದಲ್ಲಿ ನಡೆದ ಒಂದು ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನೂ ಅದು ಮುಗಿದ ಮೇಲೆ ಸೋತ ತಂಡದ ಕೋಚ್ ಆಡಿದ ಮಾತುಗಳನ್ನೂ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ ಆ ವರ್ಷ ಅಲ್ಲಿಯವರೆಗೆ 31 ಪಂದ್ಯ ಗೆದ್ದು ಎರಡರಲ್ಲಿ ಮಾತ್ರ ಸೋತಿತ್ತು. ರಾಷ್ಟ್ರೀಯ ಪಂದ್ಯಾವಳಿಯ 68 ತಂಡಗಳಲ್ಲಿ ಎಲ್ಲಕ್ಕಿಂತ ಮೇಲಿನ ಶ್ರೇಯಾಂಕ ಅದರದಾಗಿತ್ತು. ಎದುರಾಳಿಯಾಗಿ ಬಂದದ್ದು ಯುಎಂಬಿಸಿ, ಅಂದರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆ. ಪಂದ್ಯಾವಳಿಯಲ್ಲಿ ತಂಡಗಳನ್ನು ನಾಲ್ಕು ಗುಂಪು ಮಾಡಿ ಪ್ರತಿ ಗುಂಪಿನಲ್ಲೂ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ; ಅದರದ್ದು ಎಲ್ಲಕ್ಕಿಂತ ಕೆಳಗಿನ 16. 1985ರಿಂದ ಅಲ್ಲಿಯವರೆಗೆ ಪುರುಷರ ಪಂದ್ಯಾವಳಿಯಲ್ಲಿ ಒಂದನೇ ಶ್ರೇಯಾಂಕದ ತಂಡಗಳು ಹದಿನಾರನೇ ಶ್ರೇಯಾಂಕದವರ ಎದುರು 135 ಪಂದ್ಯ ಆಡಿ 135ನ್ನೂ ಗೆದ್ದಿದ್ದವು. ವಿರಾಮದ ವೇಳೆಗೆ ಎರಡೂ ತಂಡಗಳು 21–21ರಲ್ಲಿ ಸಮನಾಗಿದ್ದವು. ಪಂದ್ಯ ಮುಗಿದಾಗ ಫಲಕದಲ್ಲಿ ಯುಎಂಬಿಸಿ 74, ವರ್ಜೀನಿಯಾ 54 ಎಂದಿತ್ತು. ಜೈರಸ್ ಲೈಲ್ಸ್ ಎಂಬ ಹುಡುಗ ಒಬ್ಬನೇ 28 ಅಂಕ ಗಳಿಸಿದ್ದ.

ಗೆದ್ದವರು ಇನ್ನೂ ಅಂಕಣದಲ್ಲಿ ಕುಣಿಯುತ್ತಿದ್ದಾಗಲೇ ಟಿವಿ ವರದಿಗಾರ್ತಿಯೊಬ್ಬರು ವರ್ಜೀನಿಯಾದ ಕೋಚ್ ಟೋನಿ ಬೆನೆಟ್ ಅವರ ಮುಂದೆ ಮೈಕು ಹಿಡಿದರು. ಕಣಕ್ಕಿಳಿದ ಮೇಲೆ ಇಂಥದ್ದೂ ಆಗಬಹುದು, ಕಣಕ್ಕೆ ಇಳಿಯದವರಿಗೆ ಅದು ಅರ್ಥವಾಗಲಿಕ್ಕಿಲ್ಲ, ಒಳ್ಳೆಯ ದಿನಗಳನ್ನು ಅನುಭವಿಸಿದವರು ಕೆಟ್ಟ ದಿನವನ್ನೂ ತಾಳಿಕೊಳ್ಳಬೇಕು, ಇದೊಂದರಿಂದಲೇ ನಾವು ಯಾರು ಎಂಬುದು ತೀರ್ಮಾನವಾಗಬಾರದು ಎಂಬ ಅರ್ಥದ ಮಾತುಗಳನ್ನು ಅವರು ಹೇಳಿದರು. ಎದುರಾಳಿಗಳು ಎಲ್ಲ ವಿಧದಲ್ಲೂ ನಮಗಿಂತ ಚೆನ್ನಾಗಿ ಆಡಿದರು ಎಂದು ನೇರವಾಗಿ ಒಪ್ಪಿಕೊಂಡರು. ಅವರ ತಂಡದ ಮುಖ್ಯ ಆಟಗಾರರಲ್ಲಿ ಒಬ್ಬನಾದ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಆ ಪಂದ್ಯಕ್ಕೆ ಇರಲಿಲ್ಲ. ಆದರೂ ಬೆನೆಟ್ ಆ ಕಾರಣದ ಹಿಂದೆ ಅಡಗಿಕೊಳ್ಳಲಿಲ್ಲ, ಯಾವ ಹುಡುಗನ ಹೆಸರನ್ನೂ ಸೋಲಿನ ಜೊತೆ ಸೇರಿಸಲಿಲ್ಲ. ಶಾರ್ಲೆಟ್ ಅವರಿಗೆ ಪರಕೀಯ ಊರೇನಲ್ಲ. ತೊಂಬತ್ತರ ದಶಕದಲ್ಲಿ ಆ ಊರಿನ ವೃತ್ತಿಪರ ತಂಡಕ್ಕೆ ಸ್ವತಃ ಆಡಿದವರು. ಪರಿಚಯದ ಊರಿನಲ್ಲಿ, ಇಡೀ ದೇಶ ನೋಡುತ್ತಿರುವಾಗ, ಇತಿಹಾಸದಲ್ಲಿ ಯಾರೂ ಸೋಲದ ರೀತಿಯಲ್ಲಿ ಸೋತ ಮನುಷ್ಯನೊಬ್ಬ ಅಷ್ಟು ಸಮಾಧಾನದಿಂದ ಹೇಗೆ ಮಾತಾಡಿದ ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡಿದ್ದಕ್ಕೆ ಒಂದು ಸ್ವಂತ ಕಾರಣವಿದೆ.

ನಾನು ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಹಲವು ವರ್ಷಗಳ ಹಿಂದೆ ಅಂತರ ಕಾಲೇಜು ಪಂದ್ಯಾವಳಿಯ ಫೈನಲ್‌ನಲ್ಲಿ ನಮ್ಮ ಹುಡುಗರು ಒಂದು ಅಂಕದಿಂದ ಸೋತರು. ಕೊನೆಯ ಗಳಿಗೆಯಲ್ಲಿ ನಮಗೆ ಎರಡು ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಗೆರೆಯ ಹಿಂದೆ ನಿಂತು ಒಂದೊಂದು ಅಂಕಕ್ಕೆ ಚೆಂಡು ಎಸೆಯುವ ಅವಕಾಶ, ಸಿಕ್ಕಿದ್ದವು. ಎರಡೂ ರಿಂಗಿಗೆ ಬಡಿದು ಆಚೆ ಹೋದವು. ಪಂದ್ಯ ಮುಗಿದ ಐದು ನಿಮಿಷಕ್ಕೆ ಊರಿನ ಪತ್ರಿಕೆಯ ವರದಿಗಾರರು ಬಂದು ಏನಾಯಿತು ಸರ್ ಎಂದು ಕೇಳಿದರು. ಎದೆಯಲ್ಲಿ ಇನ್ನೂ ಬೆಂಕಿ ಇತ್ತು. ಆ ಎರಡು ಫ್ರೀ ಥ್ರೋ ಬಿದ್ದಿದ್ದರೆ ಕಪ್ ನಮ್ಮದೇ ಆಗುತ್ತಿತ್ತು, ಎರಡನ್ನೂ ಹಾಳು ಮಾಡಿದ ಎಂದುಬಿಟ್ಟೆ. ಹುಡುಗನ ಹೆಸರನ್ನು ನಾನೇ ಹೇಳಿದೆ. ಮರುದಿನ ಆ ಮಾತು ನನ್ನ ಹೆಸರಿನೊಂದಿಗೆ ಅಚ್ಚಾಯಿತು. ವರದಿಗಾರರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ನಾನು ಹೇಳಿದ್ದನ್ನು ಅವರು ಬರೆದಿದ್ದರು.

ಮೂರು ದಿನ ಕಳೆದ ಮೇಲೆ ಆ ಹುಡುಗ ನನ್ನ ಕೊಠಡಿಗೆ ಬಂದ. ತಂಡದ ಜೆರ್ಸಿಯನ್ನು ಒಗೆದು, ಇಸ್ತ್ರಿ ಮಾಡಿ, ಬೆನ್ನಿನ ಮೇಲಿನ ಏಳನೇ ನಂಬರು ಮೇಲಕ್ಕೆ ಬರುವಂತೆ ಮಡಚಿ ತಂದಿದ್ದ. ಅದನ್ನು ಮೇಜಿನ ಮೇಲಿಟ್ಟು, ಪರೀಕ್ಷೆ ಹತ್ತಿರ ಬಂತು ಸರ್, ಇನ್ನು ಅಭ್ಯಾಸಕ್ಕೆ ಬರಲಿಕ್ಕೆ ಆಗುವುದಿಲ್ಲ ಎಂದ. ಪತ್ರಿಕೆಯ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದರ ನಂತರ ಅವನು ಅಂಕಣದ ಕಡೆಗೆ ಬಂದದ್ದನ್ನು ನಾನು ನೋಡಲಿಲ್ಲ.

ಕೋಚ್ ಪತ್ರಕರ್ತರಿಗೆ ಹೇಳುವ ಮಾತನ್ನು ಪತ್ರಕರ್ತರಿಗಿಂತ ಮೊದಲು ಕೇಳಿಸಿಕೊಳ್ಳುವವರು ಅವನ ಆಟಗಾರರು. ಓದುಗರು ಆ ಮಾತನ್ನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಮರೆಯುತ್ತಾರೆ. ಯಾರ ಬಗ್ಗೆ ಹೇಳಿದ್ದೋ ಅವನು ಮರೆಯುವುದಿಲ್ಲ. ಕಾಲೇಜು ಆಟದಲ್ಲಿ ಇದು ಇನ್ನೂ ಹೆಚ್ಚು ನಿಜ, ಏಕೆಂದರೆ ಅಂಕಣದಲ್ಲಿ ಇರುವವರು ಹದಿನೆಂಟು, ಇಪ್ಪತ್ತು ವರ್ಷದ ಮಕ್ಕಳು. ಅಮೆರಿಕದಲ್ಲಿ ಈ ಮಕ್ಕಳ ಆಟವನ್ನು ಕೋಟ್ಯಂತರ ಜನ ನೋಡುತ್ತಾರೆ, ಕೋಚ್‌ಗಳಿಗೆ ಲಕ್ಷಗಟ್ಟಲೆ ಡಾಲರ್ ಸಂಬಳವಿರುತ್ತದೆ, ವಿರಾಮಕ್ಕೆ ಹೋಗುವ ದಾರಿಯಲ್ಲೇ ಮೈಕು ಎದುರಾಗುತ್ತದೆ. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಸೋತ ಮೇಲೂ ಸ್ವಲ್ಪ ಹೊತ್ತಿನ ಬಿಡುವು ಕೊಟ್ಟು ಕೋಚ್ ಮತ್ತು ಆಟಗಾರರನ್ನು ಸುದ್ದಿಗೋಷ್ಠಿಯ ವೇದಿಕೆಗೆ ಕರೆಯಲಾಗುತ್ತದೆ. ಅಳು ಒತ್ತರಿಸಿಕೊಂಡು ಬರುತ್ತಿರುವ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೋಚ್ ಉತ್ತರ ಕೊಡಬೇಕಾಗುತ್ತದೆ.

ಇದೇ ಆಟದಲ್ಲಿ ಸಿಟ್ಟನ್ನು ಹಿಡಿದಿಡಲಾಗದವರ ಕತೆಯೂ ಉಂಟು. ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಬಾಬ್ ನೈಟ್ 1976ರಲ್ಲಿ ಒಂದೂ ಪಂದ್ಯ ಸೋಲದೆ ತಮ್ಮ ತಂಡವನ್ನು ಚಾಂಪಿಯನ್ ಮಾಡಿದವರು, ಆಟದ ಜ್ಞಾನದಲ್ಲಿ ಅವರಿಗೆ ಸಮನಾದವರು ಬಹಳ ಕಡಿಮೆ. ಆದರೆ 1985ರ ಫೆಬ್ರುವರಿಯಲ್ಲಿ ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ಅವರು ಅಂಕಣದೊಳಕ್ಕೆ ಎಸೆದ ಕೆಂಪು ಕುರ್ಚಿಯನ್ನು ಕಂಡವರೇ ಹೆಚ್ಚು. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ.

ನನಗೆ ಮುಖ್ಯವಾಗಿ ಕಾಣುವುದು 1982ರ ಫೈನಲ್. ನ್ಯೂ ಆರ್ಲಿಯನ್ಸ್‌ನಲ್ಲಿ ಜಾರ್ಜ್‌ಟೌನ್ ಮತ್ತು ನಾರ್ತ್ ಕೆರೊಲಿನಾ ತಂಡಗಳು ಆಡುತ್ತಿದ್ದವು. ಆಗ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದ ಮೈಕೆಲ್ ಜೋರ್ಡನ್ ಹಾಕಿದ ಬುಟ್ಟಿಯಿಂದ ನಾರ್ತ್ ಕೆರೊಲಿನಾ 63–62ರ ಮುನ್ನಡೆ ಪಡೆದಿತ್ತು, ಇನ್ನೂ ಕೆಲವು ಸೆಕೆಂಡು ಉಳಿದಿದ್ದವು, ಚೆಂಡು ಜಾರ್ಜ್‌ಟೌನ್ ಕೈಯಲ್ಲಿತ್ತು. ಆ ಗಳಿಗೆಯಲ್ಲಿ ಫ್ರೆಡ್ ಬ್ರೌನ್ ಎಂಬ ಹುಡುಗ ತನ್ನವನೆಂದು ತಪ್ಪು ತಿಳಿದು ಚೆಂಡನ್ನು ನೇರವಾಗಿ ಎದುರಾಳಿ ಜೇಮ್ಸ್ ವರ್ದಿಯ ಕೈಗೆ ಕೊಟ್ಟುಬಿಟ್ಟ. ಪಂದ್ಯ ಅಲ್ಲಿಗೆ ಮುಗಿಯಿತು. ಆರಡಿ ಹತ್ತು ಅಂಗುಲ ಎತ್ತರದ, ಸದಾ ಗಂಭೀರ ಮುಖದ ಕೋಚ್ ಜಾನ್ ಥಾಂಪ್ಸನ್ ಎಲ್ಲ ಕ್ಯಾಮೆರಾಗಳ ಎದುರಿಗೆ ಆ ಹುಡುಗನನ್ನು ತೋಳಿನೊಳಗೆ ಎಳೆದುಕೊಂಡು ಅಪ್ಪಿ ಹಿಡಿದರು. ಮರುದಿನ ಪತ್ರಕರ್ತರು ಏನು ಬರೆಯಬೇಕು ಎಂಬುದನ್ನು ಅವರು ಒಂದು ಮಾತೂ ಆಡದೆ ತೀರ್ಮಾನಿಸಿದ್ದರು ಎಂದು ನನಗೆ ಅನ್ನಿಸುತ್ತದೆ. ನನ್ನ ಮೇಜಿನ ಮೇಲೆ ಆ ಜೆರ್ಸಿ ಇದ್ದ ಹೊತ್ತಿಗೆ ನಾನು ಈ ದೃಶ್ಯವನ್ನು ಇನ್ನೂ ನೋಡಿರಲಿಲ್ಲ.

ಬೆನೆಟ್ ಅವರ ಸಮಾಧಾನ ಆ ಒಂದು ರಾತ್ರಿ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ಅವರ ತಂದೆ ಡಿಕ್ ಬೆನೆಟ್ ಕೂಡ ಕೋಚ್. ಮಗ ಕಾಲೇಜಿನಲ್ಲಿ ಆಡಿದ್ದು ತಂದೆಯ ಕೈಕೆಳಗೇ, ವಿಸ್ಕಾನ್ಸಿನ್–ಗ್ರೀನ್ ಬೇ ತಂಡದಲ್ಲಿ. ವಿನಯ, ಉತ್ಸಾಹ, ಒಗ್ಗಟ್ಟು, ಸೇವಾಭಾವ, ಕೃತಜ್ಞತೆ ಎಂಬ ಐದು ಕಂಬಗಳ ಮೇಲೆ ತಂಡ ಕಟ್ಟುವ ಪದ್ಧತಿಯನ್ನು ಮಗ ತಂದೆಯಿಂದ ಪಡೆದರು. ಎದುರಾಳಿಯನ್ನು ಬುಟ್ಟಿಯ ಹತ್ತಿರ ಬಿಡದೆ ಎಲ್ಲರೂ ಒಳಕ್ಕೆ ಸರಿದು ಕಾಯುವ ರಕ್ಷಣಾ ವಿಧಾನವನ್ನೂ ಅವರಿಂದಲೇ ಕಲಿತರು. ಈ ನಿಧಾನದ ಆಟ ನೋಡಲು ಬೇಸರ, ಮಾರ್ಚ್ ತಿಂಗಳ ಪಂದ್ಯಾವಳಿಯಲ್ಲಿ ಇದರಿಂದ ಗೆಲ್ಲಲಾಗದು ಎಂದು ವಿಮರ್ಶಕರು ವರ್ಷಗಟ್ಟಲೆ ಹೇಳಿದರು. 2016ರಲ್ಲಿ ಕೊನೆಯ ನಾಲ್ಕರ ಘಟ್ಟಕ್ಕೆ ಒಂದೇ ಹೆಜ್ಜೆ ಇದ್ದಾಗ ಸಿರಕ್ಯೂಸ್ ವಿರುದ್ಧ ದ್ವಿತೀಯಾರ್ಧದಲ್ಲಿ ದೊಡ್ಡ ಮುನ್ನಡೆಯನ್ನು ಕಳೆದುಕೊಂಡು 68–62ರಲ್ಲಿ ಸೋತ ದಿನ ಬೆನೆಟ್ ಭಾವುಕರಾಗಿಯೇ ಮಾತಾಡಿದರು. ರಾತ್ರಿಯೆಲ್ಲ ಅಳು ಇದ್ದರೂ ಬೆಳಗ್ಗೆ ಸಂತೋಷ ಬರುತ್ತದೆ ಎಂಬ ಬೈಬಲ್ಲಿನ ವಾಕ್ಯವನ್ನು ಆ ದಿನ ನೆನೆದರು. ಅವರು ಭಾವನೆಯನ್ನು ಮುಚ್ಚಿಟ್ಟವರಲ್ಲ. ದುಃಖವನ್ನು ದುಃಖವೆಂದೇ ತೋರಿಸಿದರು. ಅದನ್ನು ಇನ್ನೊಬ್ಬನ ಮೇಲೆ ಹೊರಿಸುವ ಸಿಟ್ಟಾಗಿ ಬದಲಾಗಲು ಬಿಡಲಿಲ್ಲ. ನನ್ನಲ್ಲಿ ಆ ದಿನ ಆದದ್ದು ನಿಖರವಾಗಿ ಆ ಬದಲಾವಣೆಯೇ.

2018ರ ಸೋಲಿನ ನಂತರದ ತಿಂಗಳುಗಳು ಆ ಹುಡುಗರಿಗೆ ಬಹಳ ಕಠಿಣವಾಗಿದ್ದವು. ಕೈಲ್ ಗೈ ಎಂಬ ಆಟಗಾರ ತನಗಿದ್ದ ಆತಂಕದ ತೊಂದರೆಯ ಬಗ್ಗೆ ಬಹಿರಂಗವಾಗಿಯೇ ಬರೆದುಕೊಂಡ. ಯುಎಂಬಿಸಿ ಆಟಗಾರರು ಸಂಭ್ರಮಿಸುತ್ತಿರುವ, ತಾನು ಬಗ್ಗಿ ನಿಂತಿರುವ ಚಿತ್ರವನ್ನು ತನ್ನ ಫೋನಿನ ಪರದೆಯ ಮೇಲೆ ಇಟ್ಟುಕೊಂಡಿದ್ದ. ಮುಂದಿನ ವರ್ಷ ಪ್ರತಿ ಊರಿನಲ್ಲೂ ಬೆನೆಟ್ ಅವರಿಗೆ ಅದೇ ಪ್ರಶ್ನೆ ಎದುರಾಯಿತು. ಸೋಲಿನ ವಿಷಯ ಕೇಳಬೇಡಿ ಎಂದು ಅವರು ಬಾಗಿಲು ಹಾಕಬಹುದಿತ್ತು, ಹಾಕಲಿಲ್ಲ. ಕಷ್ಟವನ್ನು ಸರಿಯಾಗಿ ಬಳಸಿಕೊಂಡರೆ ಬೇರೆ ಯಾವ ದಾರಿಯಿಂದಲೂ ಹೋಗಲಾಗದ ಜಾಗಕ್ಕೆ ಅದೇ ಟಿಕೆಟ್ ಕೊಡಿಸುತ್ತದೆ ಎಂಬ, ಭಾಷಣವೊಂದರಲ್ಲಿ ಕೇಳಿದ ಮಾತನ್ನು ಅವರು ತಂಡಕ್ಕೂ ಹೇಳಿದರು, ಪತ್ರಕರ್ತರಿಗೂ ಹೇಳಿದರು. ಒಳಗೆ ಒಂದು, ಹೊರಗೆ ಇನ್ನೊಂದು ಎಂಬುದು ಇಲ್ಲದ್ದರಿಂದ ಹುಡುಗರಿಗೆ ಪತ್ರಿಕೆ ಓದಿ ಕೋಚ್‌ನ ಮನಸ್ಸನ್ನು ಊಹಿಸುವ ಕೆಲಸ ಉಳಿಯಲಿಲ್ಲ.

2019ರ ಪಂದ್ಯಾವಳಿಯಲ್ಲಿ ಮತ್ತೆ ಒಂದನೇ ಶ್ರೇಯಾಂಕ ಸಿಕ್ಕಿತು, ಮತ್ತೆ ಎದುರಿಗೆ ಹದಿನಾರನೇ ಶ್ರೇಯಾಂಕದ ಗಾರ್ಡ್ನರ್–ವೆಬ್ ತಂಡ. ಮೊದಲಾರ್ಧದಲ್ಲಿ ವರ್ಜೀನಿಯಾ 14 ಅಂಕ ಹಿಂದೆ ಬಿದ್ದಾಗ ನೋಡುತ್ತಿದ್ದವರ ಉಸಿರು ನಿಂತಿರಬೇಕು. ಕೊನೆಗೆ 71–56ರಲ್ಲಿ ಗೆದ್ದರು. ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು 0.6 ಸೆಕೆಂಡು ಉಳಿದಿರುವಾಗ ಎರಡು ಅಂಕ ಹಿಂದಿದ್ದ ತಂಡಕ್ಕೆ ಮೂರು ಫ್ರೀ ಥ್ರೋ ಸಿಕ್ಕಿದವು. ಗೆರೆಯ ಹಿಂದೆ ನಿಂತವನು ಅದೇ ಕೈಲ್ ಗೈ. ಮೂರನ್ನೂ ಹಾಕಿದ, 63–62. ಈ ದೃಶ್ಯವನ್ನು ನಾನು ಒಬ್ಬನೇ ಕುಳಿತು ನೋಡಲಾರೆ. ಏಳನೇ ನಂಬರಿನ ಆ ಮಡಚಿದ ಬಟ್ಟೆ ಕಣ್ಣ ಮುಂದೆ ಬರುತ್ತದೆ. ಎರಡು ದಿನದ ನಂತರ, ಏಪ್ರಿಲ್ 8ರಂದು ಮಿನಿಯಾಪೊಲಿಸ್‌ನಲ್ಲಿ ಟೆಕ್ಸಸ್ ಟೆಕ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 85–77ರಿಂದ ಗೆದ್ದು ವರ್ಜೀನಿಯಾ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಹಿಂದಿನ ವರ್ಷ ಗಾಯಗೊಂಡು ಹೊರಗುಳಿದಿದ್ದ ಹಂಟರ್ 27 ಅಂಕ ಗಳಿಸಿದ್ದ. ಆ ವರ್ಷ ವಿಶ್ವವಿದ್ಯಾಲಯ ಸಂಬಳ ಹೆಚ್ಚಿಸಲು ಮುಂದಾದಾಗ ಬೆನೆಟ್ ಅದನ್ನು ಒಪ್ಪದೆ, ಆ ಹಣ ಸಹಾಯಕ ಸಿಬ್ಬಂದಿಗೂ ಕ್ರೀಡಾ ವಿಭಾಗಕ್ಕೂ ಹೋಗಲಿ ಎಂದರು.

ನಮ್ಮ ಕಾಲೇಜಿನಲ್ಲಿ ಈಗ ನಾನು ಇಟ್ಟುಕೊಂಡಿರುವ ಕ್ರಮ ಸಣ್ಣದು. ಪಂದ್ಯ ಮುಗಿದ ಕೂಡಲೇ ಯಾರೊಂದಿಗೂ ಮಾತಾಡದೆ, ಆ ದಿನ ತಪ್ಪು ಮಾಡಿದವರು ಯಾರೋ ಅವರ ಪಕ್ಕದಲ್ಲಿ ಹೋಗಿ ಕೂರುತ್ತೇನೆ. ನೀರಿನ ಬಾಟಲಿ ಕೈಗೆ ಕೊಡುತ್ತೇನೆ, ಆಟದ ವಿಷಯ ಎತ್ತುವುದಿಲ್ಲ. ಅಷ್ಟು ಹೊತ್ತಿಗೆ ನನ್ನ ಎದೆಬಡಿತವೂ ಇಳಿದಿರುತ್ತದೆ. ವರದಿಗಾರರ ಹತ್ತಿರ ಹೋಗುವ ಮೊದಲು, ನಾನು ಏನು ಹೇಳಲಿದ್ದೇನೆ ಎಂಬುದನ್ನು ಹುಡುಗರ ಎದುರಿಗೇ ಒಮ್ಮೆ ಹೇಳುತ್ತೇನೆ. ಅವರ ಮುಖ ನೋಡಿ ಹೇಳಲಾಗದ ಮಾತು ಹೊರಗೂ ಬೇಡ. ಇಷ್ಟನ್ನು ಕಲಿಯಲು ಒಬ್ಬ ಹುಡುಗನ ಆಟ ಹೋಯಿತು ಎಂಬುದನ್ನು ಮಾತ್ರ ನಾನು ಯಾವ ಲೆಕ್ಕದಲ್ಲೂ ಸರಿದೂಗಿಸಲಾರೆ.

ಬೆನೆಟ್ ಅವರ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಬಿಟ್ಟರೆ ಚಿತ್ರ ಅಪೂರ್ಣವಾಗುತ್ತದೆ. ಅಷ್ಟು ವರ್ಷ ಎಲ್ಲರ ಒತ್ತಡವನ್ನೂ ತಾನೇ ಹೀರಿಕೊಂಡು ಶಾಂತವಾಗಿ ನಿಲ್ಲುವ ಮನುಷ್ಯನಿಗೆ ಅದರ ಭಾರ ತಗಲದೆ ಇರುವುದಿಲ್ಲ. ತಂದೆ ಡಿಕ್ ಬೆನೆಟ್ 2000ದಲ್ಲಿ ವಿಸ್ಕಾನ್ಸಿನ್ ತಂಡವನ್ನು ಕೊನೆಯ ನಾಲ್ಕರ ಘಟ್ಟಕ್ಕೆ ಕೊಂಡೊಯ್ದಿದ್ದರು. ಅದೇ ವರ್ಷ ಹೊಸ ಋತುವಿನ ಮೂರು ಪಂದ್ಯ ಮುಗಿಯುತ್ತಲೇ ದಣಿವಿನಿಂದ ಕೆಲಸ ಬಿಟ್ಟರು. ಮಗ ಆಗ ಅದೇ ತಂಡದ ಸಿಬ್ಬಂದಿಯಲ್ಲಿದ್ದು ಎಲ್ಲವನ್ನೂ ಹತ್ತಿರದಿಂದ ಕಂಡವರು. ಇಪ್ಪತ್ತನಾಲ್ಕು ವರ್ಷಗಳ ನಂತರ, 2024ರ ಅಕ್ಟೋಬರ್ 18ರಂದು, ಋತು ಆರಂಭವಾಗಲು ಮೂರು ವಾರವೂ ಇಲ್ಲದಿರುವಾಗ, 55ನೇ ವಯಸ್ಸಿನಲ್ಲಿ ಟೋನಿ ಬೆನೆಟ್ ತಾವೂ ನಿವೃತ್ತಿ ಘೋಷಿಸಿದರು. ಆಟಗಾರರು ಹಣದ ಒಪ್ಪಂದ ಮಾಡಿಕೊಳ್ಳುವ, ವರ್ಷವರ್ಷವೂ ಕಾಲೇಜು ಬದಲಿಸುವ ಹೊಸ ವ್ಯವಸ್ಥೆಗೆ ತಾವು ಸರಿಹೊಂದುವವರಲ್ಲ, ಪೂರ್ತಿ ಮನಸ್ಸಿಲ್ಲದೆ ಈ ಕೆಲಸದಲ್ಲಿ ಮುಂದುವರಿಯುವುದು ಹುಡುಗರಿಗೆ ನ್ಯಾಯವಲ್ಲ ಎಂಬುದು ಅವರ ಮಾತಿನ ಸಾರವಾಗಿತ್ತು. ಹುಡುಗರ ವಿಷಯ ಬಂದಾಗ ಗಂಟಲು ಕಟ್ಟಿತು, ಕಣ್ಣು ತುಂಬಿತು. ಅವರು ಮಾತು ನಿಲ್ಲಿಸಿ, ಮೈಕಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಮತ್ತೆ ಮುಂದುವರಿಸಿದರು. ಆ ಋತುವಿನಲ್ಲಿ ತಂಡವನ್ನು ಅವರ ಸಹಾಯಕರಾಗಿದ್ದ ರಾನ್ ಸ್ಯಾಂಚೆಜ್ ನಡೆಸಿದರು.