ಮದುವೆಗೆ ಮೊದಲೇ ಬಿಡಬೇಕಾದ ಹುಚ್ಚು

‘ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು’ ಎಂಬ ಗಾದೆ ನಮ್ಮ ಶಿರಸಿ ಸೀಮೆಯ ಹಿರಿಯರ ಬಾಯಲ್ಲಿ ಈಗಲೂ ಇದೆ. ಇಸ್ಪೀಟು, ಕುಡಿತ, ಹೆಂಗಸರ ಸಹವಾಸ ಎಂದು ತಿರುಗುವ ಹುಡುಗನ ಮಾತು ಬಂದಾಗ ಗಾದೆಯ ಮೊದಲರ್ಧವನ್ನಷ್ಟೇ ಹಿಡಿದುಕೊಂಡು, ಒಂದು ಮದುವೆ ಮಾಡಿಬಿಟ್ಟರೆ ತಾನಾಗಿಯೇ ದಾರಿಗೆ ಬರುತ್ತಾನೆ ಎಂದು ಹೇಳುವವರು ಎಲ್ಲ ಕಡೆಯೂ ಇದ್ದಾರೆ. ಇಂಗ್ಲಿಷಿನ ಐತಿಹಾಸಿಕ ಪ್ರಣಯ ಕಾದಂಬರಿಗಳಲ್ಲಿ ಬಹಳ ಜನಪ್ರಿಯವಾದ ಒಂದು ಕಥಾವಸ್ತು ಇದೇ ನಂಬಿಕೆಯ ಸುತ್ತ ಬೆಳೆದಿದೆ. ಹೆಸರು ಕೆಡಿಸಿಕೊಂಡ ಲಂಪಟನೊಬ್ಬ ಬದಲಾಗುತ್ತಾನೆ, ಪ್ರಭುವೊಬ್ಬನ ತಂಗಿಯನ್ನು ಪ್ರೀತಿಸುತ್ತಾನೆ, ಅಣ್ಣ ಅಡ್ಡ ನಿಲ್ಲುತ್ತಾನೆ, ಕೊನೆಗೆ ಮದುವೆಯಾಗುತ್ತದೆ. ನಾನು ಈ ಬಗೆಯ ಕಥೆಗಳನ್ನು ಬಹಳ ವರ್ಷಗಳಿಂದ ಮನಸ್ಸಿಟ್ಟು ಓದುತ್ತ ಬಂದವಳು. ಇವುಗಳಲ್ಲಿ ಕೆಲವು ಗಟ್ಟಿಯಾಗಿ ನಿಲ್ಲುವುದಕ್ಕೂ ಹಲವು ಪೊಳ್ಳಾಗುವುದಕ್ಕೂ ಕಾರಣ ಒಂದೇ ಎಂದು ನನಗೆ ತೋರುತ್ತದೆ. ಗಂಡಿನ ಹುಚ್ಚು ಮದುವೆಗೆ ಮೊದಲೇ ಅವನದೇ ಪ್ರಯತ್ನದಿಂದ ಬಿಟ್ಟಿದೆಯೇ, ಅಥವಾ ಅದನ್ನು ಬಿಡಿಸುವ ಕೆಲಸವನ್ನು ಹೆಣ್ಣಿನ ತಲೆಗೆ ಕಟ್ಟಲಾಗಿದೆಯೇ ಎಂಬುದರ ಮೇಲೆ ಇಡೀ ಕಥೆಯ ಸತ್ಯ ನಿಂತಿರುತ್ತದೆ.

ಇಂತಹ ಕಥೆಗಳು ಹೆಚ್ಚಾಗಿ ನಡೆಯುವುದು ಇಂಗ್ಲೆಂಡಿನ ರೀಜೆನ್ಸಿ ಕಾಲದಲ್ಲಿ, ಅಂದರೆ ಮೂರನೆಯ ಜಾರ್ಜ್ ದೊರೆ ಅಸ್ವಸ್ಥನಾಗಿದ್ದುದರಿಂದ ಅವನ ಮಗ ರಾಜಪ್ರತಿನಿಧಿಯಾಗಿ ಆಳಿದ 1811ರಿಂದ 1820ರವರೆಗಿನ ವರ್ಷಗಳಲ್ಲಿ. ಆ ಕಾಲದ ನೃತ್ಯಕೂಟಗಳನ್ನೂ ಸಾರೋಟುಗಳನ್ನೂ ಲೇಖಕರು ಚೆನ್ನಾಗಿ ಬಣ್ಣಿಸುತ್ತಾರೆ. ಆದರೆ ಆ ಕಾಲದ ಕಾನೂನನ್ನು ತಿಳಿದುಕೊಂಡು ಓದಿದರೆ ಮಾತ್ರ ಕಥಾನಾಯಕಿ ಎಷ್ಟು ದೊಡ್ಡ ಪಣ ಒಡ್ಡುತ್ತಿದ್ದಾಳೆ ಎಂಬುದು ಮನಸ್ಸಿಗೆ ನಾಟುತ್ತದೆ. ತಂದೆಯ ಬಿರುದೂ ಜಮೀನೂ ಹಿರಿಯ ಮಗನಿಗೆ ಹೋಗುತ್ತಿದ್ದವು. ತಂಗಿಗೆ ಸಿಗುತ್ತಿದ್ದುದು ತಂದೆತಾಯಿಯ ಮದುವೆಯ ಕರಾರಿನಲ್ಲಿ ಮೊದಲೇ ಗೊತ್ತುಮಾಡಿದ ಒಂದು ಮೊತ್ತ. ಬೇರೆ ಕರಾರು ಮಾಡಿಕೊಳ್ಳದಿದ್ದರೆ ಮದುವೆಯಾದ ದಿನವೇ ಆ ಹಣ, ಮೈಮೇಲಿನ ಒಡವೆ, ಮುಂದೆ ಅವಳು ಗಳಿಸಬಹುದಾದದ್ದು ಎಲ್ಲವೂ ಗಂಡನದಾಗುತ್ತಿತ್ತು. ಏಕೆಂದರೆ ಕಾನೂನಿನ ಕಣ್ಣಿನಲ್ಲಿ ಗಂಡಹೆಂಡಿರು ಒಂದೇ ವ್ಯಕ್ತಿ, ಆ ವ್ಯಕ್ತಿ ಗಂಡ. ವಿವಾಹಿತ ಮಹಿಳೆಯರಿಗೆ ಆಸ್ತಿಯ ಹಕ್ಕು ಕೊಟ್ಟ ಕಾಯಿದೆಗಳು ಬಂದದ್ದು 1870 ಮತ್ತು 1882ರಲ್ಲಿ. ತಾಯಿಯೊಬ್ಬಳು ತನ್ನ ಎಳೆಯ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ನ್ಯಾಯಾಲಯವನ್ನು ಕೇಳಬಹುದು ಎಂದಾದದ್ದು 1839ರಲ್ಲಿ. ವಿಚ್ಛೇದನಕ್ಕೆ 1857ರವರೆಗೆ ಪಾರ್ಲಿಮೆಂಟಿನಿಂದಲೇ ಪ್ರತ್ಯೇಕ ಕಾಯಿದೆ ಮಾಡಿಸಬೇಕಿತ್ತು, ಹಾಗೆ ಮಾಡಿಸಿಕೊಂಡು ಬಿಡುಗಡೆ ಪಡೆದ ಹೆಂಡತಿಯರು ಒಟ್ಟು 4 ಜನ, ಅವರಲ್ಲಿ ಮೊದಲನೆಯವಳಿಗೆ ಅದು ಸಿಕ್ಕಿದ್ದು 1801ರಲ್ಲಿ. ಗಂಡ ಪರಸ್ತ್ರೀಯ ಸಂಗ ಮಾಡಿದ ಎಂಬುದೊಂದೇ ಹೆಂಡತಿಗೆ ಸಾಕಾದ ಕಾರಣವಾಗಿರಲಿಲ್ಲ. ಹೀಗಿರುವಾಗ ಲಂಪಟನಾಗಿದ್ದವನೊಬ್ಬ ‘ನಾನು ಬದಲಾಗಿದ್ದೇನೆ’ ಎಂದು ಹೇಳುವ ಮಾತನ್ನು ಹೆಣ್ಣೊಬ್ಬಳು ನಂಬುವುದೆಂದರೆ ತನ್ನ ಹಣ, ಮಕ್ಕಳು, ಆರೋಗ್ಯ, ಮುಂದಿನ ಇಡೀ ಆಯುಷ್ಯವನ್ನು ಆ ಮಾತಿನ ಮೇಲೆ ಇಡುವುದಾಗಿತ್ತು. ಆರೋಗ್ಯ ಎಂಬ ಮಾತನ್ನು ನಾನು ಸುಮ್ಮನೆ ಸೇರಿಸಲಿಲ್ಲ. ಆಗ ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಪಾದರಸವೇ ಔಷಧವಾಗಿತ್ತು, ಅದರಿಂದ ಗುಣವಾಗುವ ಭರವಸೆ ಇರಲಿಲ್ಲ, ಗಂಡನ ಹಳೆಯ ಚಾಳಿಯ ಫಲವನ್ನು ಏನೂ ತಿಳಿಯದ ಹೆಂಡತಿ ಉಣ್ಣುತ್ತಿದ್ದಳು.

ಸುಧಾರಿಸಿದ ಲಂಪಟನೇ ಎಲ್ಲರಿಗಿಂತ ಒಳ್ಳೆಯ ಗಂಡನಾಗುತ್ತಾನೆ ಎಂಬ ನಂಬಿಕೆ ಅಲ್ಲಿ ಎಷ್ಟು ಬಲವಾಗಿತ್ತೆಂದರೆ, ಸ್ಯಾಮ್ಯುಯೆಲ್ ರಿಚರ್ಡ್‌ಸನ್ 1747–48ರಲ್ಲಿ ಪ್ರಕಟಿಸಿದ ‘ಕ್ಲಾರಿಸ್ಸಾ’ ಕಾದಂಬರಿಯ ಮುನ್ನುಡಿಯಲ್ಲಿಯೇ ಅದನ್ನು ಅಪಾಯಕಾರಿ ಎಂದು ಕರೆದು ಎಚ್ಚರಿಸಬೇಕಾಯಿತು. ನಿಜವಾದ ಇತಿಹಾಸದಲ್ಲಿ ಈ ನಂಬಿಕೆಗೆ ಸಿಗುವ ಆಧಾರ ಬಹಳ ತೆಳು. ಎರಡನೆಯ ಚಾರ್ಲ್ಸ್ ದೊರೆಯ ಆಸ್ಥಾನದಲ್ಲಿ ಕವಿಯೂ ಲಂಪಟನೂ ಎಂದು ಹೆಸರಾಗಿದ್ದ ರಾಚೆಸ್ಟರ್ ಅರ್ಲ್ ಜಾನ್ ವಿಲ್ಮಟ್ 1665ರಲ್ಲಿ ಎಲಿಜಬೆತ್ ಮ್ಯಾಲೆಟ್ ಎಂಬ ಶ್ರೀಮಂತ ಕನ್ಯೆಯನ್ನು ಅಪಹರಿಸಲು ಹೋಗಿ ಸಿಕ್ಕಿಬಿದ್ದು ಲಂಡನ್ ಟವರಿನ ಸೆರೆಮನೆ ಸೇರಿದ. ಎರಡು ವರ್ಷಗಳ ನಂತರ ಅವಳು ತಾನಾಗಿಯೇ ಅವನನ್ನು ಮದುವೆಯಾದಳು. ಕಥೆಯಾಗಿದ್ದರೆ ಲೇಖಕರು ಅಲ್ಲಿಗೆ ಮುಗಿಸುತ್ತಿದ್ದರು. ಬದುಕಿನಲ್ಲಿ ಅವನು ಮದುವೆಯ ನಂತರವೂ ಹಾಗೆಯೇ ನಡೆದುಕೊಂಡ, 33ನೆಯ ವಯಸ್ಸಿಗೆ, 1680ರಲ್ಲಿ, ಸಾಯುವ ಹಾಸಿಗೆಯಲ್ಲಿ ಪಾದ್ರಿಗಳ ಮುಂದೆ ಪಶ್ಚಾತ್ತಾಪಪಟ್ಟ. ಆ ಪಶ್ಚಾತ್ತಾಪ ಪ್ರಾಮಾಣಿಕವಾಗಿಯೇ ಇದ್ದಿರಬಹುದು. ಆದರೆ ಆ ಹೆಂಡತಿಗೆ ಅದರಿಂದ ಸಿಕ್ಕಿದ್ದು ಏನು?

ನನ್ನ ಅಕ್ಕನ ಮಗಳು ಕುಮಟಾದಲ್ಲಿ ಓದುತ್ತಿದ್ದಾಳೆ. ನಾನು ಓದಿದ ಪುಸ್ತಕಗಳು ನಂತರ ಅವಳ ಕೈಗೆ ಹೋಗುತ್ತವೆ. ಅವಳು ಒಮ್ಮೆ ಕೇಳಿದ ಪ್ರಶ್ನೆ ನೇರವಾಗಿತ್ತು. “ಚಿಕ್ಕಿ, ಅವನು ಬದಲಾಗಿದ್ದಾನೆ ಅಂತ ನಮಗೆ ಗೊತ್ತಾಗುತ್ತದೆ, ಯಾಕೆಂದರೆ ಅವನ ಮನಸ್ಸಿನಲ್ಲಿ ಏನಿದೆ ಅಂತ ಲೇಖಕಿ ಹೇಳುತ್ತಾಳೆ. ಆದರೆ ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?” ಈ ಪ್ರಶ್ನೆಗೆ ಕಥೆಯ ಒಳಗೇ ಉತ್ತರ ಇರಬೇಕು ಎಂಬುದನ್ನು ನಾನು ಬಲವಾಗಿ ನಂಬುತ್ತೇನೆ. ಕಣ್ಣಿನ ಹೊಳಪು, ನಡುಗುವ ಧ್ವನಿ, ಪ್ರಾಣ ಕೊಡುತ್ತೇನೆ ಎಂಬ ಮಾತು ಇವು ಯಾವುವೂ ಸಾಕ್ಷಿಯಾಗಲಾರವು. ಇವುಗಳನ್ನು ಅವನು ಹಿಂದೆಯೂ ಬಳಸಿದ್ದಾನೆ. ಸಾಕ್ಷಿ ಬೇಕಾದರೆ ಅವನ ಲೆಕ್ಕದ ಪುಸ್ತಕವನ್ನು ನೋಡಬೇಕು. ಜೂಜಿನ ಸಾಲವನ್ನು ಮಾನದ ಸಾಲವೆಂದು ಮೊದಲು ತೀರಿಸಿ, ದರ್ಜಿ, ದಿನಸಿ ಅಂಗಡಿಯವರನ್ನು ವರ್ಷಗಟ್ಟಲೆ ಕಾಯಿಸುವುದು ಆ ವರ್ಗದ ಗಂಡಸರ ಪದ್ಧತಿಯಾಗಿತ್ತು. ಬದಲಾದವನು ದರ್ಜಿಯ ಹಣವನ್ನು ತೀರಿಸಿದ್ದಾನೆಯೇ? ಅವನಿಗೆ ಮದುವೆಯ ಹೊರಗೆ ಹುಟ್ಟಿದ ಮಗುವೊಂದು ಇದ್ದರೆ ಅದರ ಊಟಬಟ್ಟೆಯ ಜವಾಬ್ದಾರಿಯನ್ನು ಯಾರು ಹೊತ್ತಿದ್ದಾರೆ? ಅವಳ ಹಣವನ್ನು ಧರ್ಮದರ್ಶಿಗಳ, ಅಂದರೆ ಟ್ರಸ್ಟಿಗಳ, ಕೈಯಲ್ಲಿಟ್ಟು, ತಾನು ಮುಟ್ಟಲಾಗದಂತೆ ಅವಳ ಪ್ರತ್ಯೇಕ ಆಸ್ತಿಯಾಗಿ ಉಳಿಸುವ ವ್ಯವಸ್ಥೆಗೆ ಕಾನೂನಿನ ಬಿಗಿಯನ್ನು ನ್ಯಾಯಬುದ್ಧಿಯಿಂದ ಸಡಿಲಿಸುತ್ತಿದ್ದ ಆಗಿನ ಈಕ್ವಿಟಿ ನ್ಯಾಯಾಲಯಗಳು ಅವಕಾಶ ಕೊಟ್ಟಿದ್ದವು. ಅಂತಹ ಕರಾರಿಗೆ ಅವನು ತಾನಾಗಿಯೇ ಸಹಿ ಹಾಕುತ್ತಾನೆಯೇ? ವಕೀಲರ ಮುಂದೆ ಕುಳಿತು ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವ ಗಂಡಸಿನ ದೃಶ್ಯ ಹೂದೋಟದ ಯಾವ ಮುತ್ತಿಗಿಂತಲೂ ನನಗೆ ಪ್ರಣಯಪೂರ್ಣವಾಗಿ ಕಾಣುತ್ತದೆ, ಅದನ್ನು ಬರೆದ ಲೇಖಕಿಯರು ಕಡಿಮೆ ಎಂಬುದು ನನ್ನ ಕೊರಗು.

ಇನ್ನು ಅಣ್ಣನ ವಿಷಯ. ಈ ಕಥಾವಸ್ತುವಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆಸಕ್ತಿ ಇರುವುದು ಅವನಲ್ಲಿ. ಬಹುಪಾಲು ಕಥೆಗಳಲ್ಲಿ ಅಣ್ಣನೂ ಲಂಪಟನೂ ಹಳೆಯ ಗೆಳೆಯರು. ಒಂದೇ ಶಾಲೆ, ಒಂದೇ ಕ್ಲಬ್ಬು, ಒಂದೇ ಜೂಜಿನ ಮೇಜು. ಅವನ ಗುಣ ಗೊತ್ತಿರುವುದರಿಂದಲೇ ತಂಗಿಯನ್ನು ಕೊಡುವುದಿಲ್ಲ ಎಂದು ಅಣ್ಣ ಗುಡುಗುತ್ತಾನೆ. ಆ ಗುಣ ಅವನಿಗೆ ಹೇಗೆ ಗೊತ್ತಾಯಿತು ಎಂದು ಯಾರೂ ಕೇಳುವುದಿಲ್ಲ. ಬೇರೆಯವರ ಅಕ್ಕತಂಗಿಯರ ಬಾಳು ಹಾಳಾಗುವಾಗ ಪಕ್ಕದಲ್ಲಿ ಕುಳಿತು ನಕ್ಕವನಿಗೆ ತನ್ನ ತಂಗಿಯ ಹೆಸರು ಬಂದ ಕ್ಷಣದಲ್ಲಿ ಧರ್ಮ ನೆನಪಾಗುತ್ತದೆ. 1753ರ ಹಾರ್ಡ್‌ವಿಕ್ ಕಾಯಿದೆಯ ಪ್ರಕಾರ 21 ತುಂಬದ ಹುಡುಗಿ ಪರವಾನಗಿ ಪಡೆದು ಮದುವೆಯಾಗಬೇಕಾದರೆ ತಂದೆಯ, ಅವನಿಲ್ಲದಿದ್ದರೆ ಪಾಲಕನ ಒಪ್ಪಿಗೆ ಬೇಕಿತ್ತು. ಆದ್ದರಿಂದಲೇ ಪ್ರೇಮಿಗಳು ಆ ಕಾಯಿದೆ ನಡೆಯದ ಸ್ಕಾಟ್ಲೆಂಡಿನ ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡುತ್ತಿದ್ದರು. ತಂದೆ ತೀರಿಹೋದ ಮನೆಯಲ್ಲಿ ಪಾಲಕನಾದ ಅಣ್ಣನ ಕೈಯಲ್ಲಿ ಹೀಗೆ ಕಾನೂನಿನ ಬಲವೂ ಇರುತ್ತಿತ್ತು. ಅಂತಹ ಅಣ್ಣನ ಸಿಟ್ಟಿನಲ್ಲಿ ತಂಗಿಯ ಮೇಲಿನ ಅಕ್ಕರೆ ಎಷ್ಟು, ತನ್ನದೇ ಹಿಂದಿನ ದಿನಗಳ ಬಗೆಗಿನ ಅಳುಕು ಎಷ್ಟು ಎಂಬುದನ್ನು ಬಿಡಿಸಿ ತೋರಿಸಿದರೆ ಕಥೆಗೆ ಎರಡರಷ್ಟು ಆಳ ಬರುತ್ತದೆ.

ಇಲ್ಲಿ ನನಗೆ ಬಲರಾಮ ನೆನಪಾಗದೆ ಇರಲು ಸಾಧ್ಯವಿಲ್ಲ. ನಮ್ಮ ಕಡೆಯ ಯಕ್ಷಗಾನದ ಆಟಗಳಲ್ಲಿ ‘ಸುಭದ್ರಾ ಕಲ್ಯಾಣ’ವನ್ನು ನೋಡಿದವರಿಗೆ ಕಪಟ ಸನ್ಯಾಸಿಯಾದ ಅರ್ಜುನನೂ ಅವನನ್ನು ನಂಬಿದ ಅಣ್ಣನೂ ಚಿರಪರಿಚಿತರು. ಮೂಲ ಮಹಾಭಾರತದ ಆದಿಪರ್ವದಲ್ಲಿ ಸನ್ಯಾಸಿಯ ವೇಷವಿಲ್ಲ, ಆದರೆ ಕಥೆ ಇನ್ನೂ ಹರಿತವಾಗಿದೆ. ತೀರ್ಥಯಾತ್ರೆಗೆಂದು ಹೊರಟ ಅರ್ಜುನ ದಾರಿಯಲ್ಲಿ ಉಲೂಪಿಯನ್ನು ಕೂಡುತ್ತಾನೆ, ಮಣಲೂರಿನಲ್ಲಿ ಚಿತ್ರಾಂಗದೆಯನ್ನು ಮದುವೆಯಾಗಿ ಮಗನನ್ನು ಪಡೆಯುತ್ತಾನೆ, ಅಲ್ಲಿಂದ ನಮ್ಮ ಗೋಕರ್ಣಕ್ಕೆ ಬರುತ್ತಾನೆ, ಪಶ್ಚಿಮದ ಕಡಲತೀರದ ತೀರ್ಥಗಳನ್ನು ಮುಗಿಸಿ ಪ್ರಭಾಸವನ್ನು ತಲುಪುತ್ತಾನೆ. ಸುಭದ್ರೆಯನ್ನು ಕಾಣುವುದು ಅದಾದ ಮೇಲೆ, ರೈವತಕ ಪರ್ವತದ ಉತ್ಸವದಲ್ಲಿ. ಅದೇ ಉತ್ಸವದಲ್ಲಿ ಬಲರಾಮ ಮದ್ಯದ ಮತ್ತಿನಲ್ಲಿ ತಿರುಗಾಡುತ್ತಿದ್ದ ಎಂದು ವ್ಯಾಸರು ಹೇಳುವುದನ್ನು ಮರೆತಿಲ್ಲ. ತಂಗಿಯನ್ನು ರಥದಲ್ಲಿ ಹೊತ್ತುಕೊಂಡು ಹೋದ ಸುದ್ದಿ ತಿಳಿದಾಗ, ಉಂಡ ಪಾತ್ರೆಯನ್ನೇ ಒಡೆಯುವವನು ಎಂದು ಅರ್ಜುನನನ್ನು ಜರೆದವನೂ ಅವನೇ. ಅರ್ಜುನನನ್ನು ಲಂಪಟನೆಂದು ಕರೆಯುವುದು ನನ್ನ ಉದ್ದೇಶವಲ್ಲ, ಆ ಕಾಲದ ಧರ್ಮ ಬೇರೆ. ನಾನು ಹೇಳಬೇಕೆಂದಿರುವುದು ದ್ರೌಪದಿಯ ಬಗ್ಗೆ. ಅರ್ಜುನ ಮರಳಿ ಬಂದಾಗ ಅವಳು, ಹೊರೆಗೆ ಎರಡನೆಯ ಕಟ್ಟು ಬಿದ್ದರೆ ಮೊದಲನೆಯದು ಸಡಿಲವಾಗುತ್ತದೆ, ಆ ಸಾತ್ವತರ (ಯಾದವರ) ಮಗಳ ಬಳಿಗೇ ಹೋಗು ಎನ್ನುತ್ತಾಳೆ. ಅರ್ಜುನ ಸುಭದ್ರೆಗೆ ಗೊಲ್ಲತಿಯ ಉಡುಗೆ ತೊಡಿಸಿ ಕಳಿಸಬೇಕಾಗುತ್ತದೆ, ಅವಳು ‘ನಾನು ನಿನ್ನ ದಾಸಿ’ ಎಂದು ದ್ರೌಪದಿಗೆ ನಮಸ್ಕರಿಸಿದ ಮೇಲೆಯೇ ಮನೆಯಲ್ಲಿ ನೆಮ್ಮದಿ. ಮೊದಲು ಬಂದ ಹೆಣ್ಣಿಗೆ ಮಾತು ಕೊಟ್ಟ ಈ ಧೈರ್ಯ ಇಂಗ್ಲಿಷ್ ಪ್ರಣಯ ಕಥೆಗಳಲ್ಲಿ ಅಪರೂಪ. ಅಲ್ಲಿ ಹಿಂದಿನ ಹೆಂಗಸರು ಒಂದೋ ಹೊಟ್ಟೆಕಿಚ್ಚಿನ ನಟಿಯರಾಗಿ ಬಂದು ಹೋಗುತ್ತಾರೆ, ಇಲ್ಲವೇ ಹೆಸರೂ ಇಲ್ಲದೆ ಒಂದು ಸಾಲಿನಲ್ಲಿ ಮುಗಿಯುತ್ತಾರೆ.

ನಮ್ಮ ಪರಂಪರೆಯಲ್ಲಿ ವಿಟನಿಗೆ ಸಾಮಾನ್ಯವಾಗಿ ಎರಡು ದಾರಿಗಳು. ಒಂದು ಕೀಚಕನದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಕಂಡವರು ಆ ಪಾತ್ರದ ಮೋಹಕತೆಯನ್ನೂ ಅದರ ಕೊನೆಯನ್ನೂ ಒಟ್ಟಿಗೇ ನೆನೆಯುತ್ತಾರೆ. ಇನ್ನೊಂದು ಬಿಲ್ವಮಂಗಳನದು, ಅಲ್ಲಿ ವೇಶ್ಯೆಯ ಮೋಹ ಹರಿದು ಮನಸ್ಸು ಕೃಷ್ಣನ ಕಡೆಗೆ ತಿರುಗುತ್ತದೆ. ಸಾವು ಅಥವಾ ವೈರಾಗ್ಯ. ಪ್ರಣಯ ಕಥೆ ಕೇಳುವುದು ಮೂರನೆಯದನ್ನು, ಅವನು ಸಂಸಾರದಲ್ಲಿಯೇ ಉಳಿದು, ಒಬ್ಬಳ ಜೊತೆಗೆ, ದಿನದಿನವೂ ನೆಟ್ಟಗೆ ಬಾಳಬೇಕು ಎಂಬುದನ್ನು. ಎಲ್ಲವನ್ನೂ ಬಿಟ್ಟು ಹೋಗುವುದಕ್ಕಿಂತ ಇದು ಕಷ್ಟದ್ದು ಎಂದೇ ನನಗನ್ನಿಸುತ್ತದೆ, ಈ ಕಥೆಗಳನ್ನು ನಾನು ಹಗುರವಾಗಿ ಕಾಣದಿರುವುದಕ್ಕೂ ಅದೇ ಕಾರಣ.

ಲೇಖಕರು ಈ ಬದಲಾವಣೆಗೆ ಬಹಳ ಸಲ ಒಂದು ಸುಲಭದ ಉಪಾಯ ಹುಡುಕುತ್ತಾರೆ. ನಾಯಕನನ್ನು ಕೆಲವು ವರ್ಷ ಹಿಂದೂಸ್ಥಾನಕ್ಕೆ ಕಳಿಸಿ, ಹಣವಂತನನ್ನಾಗಿಯೂ ಗಂಭೀರನನ್ನಾಗಿಯೂ ಮಾಡಿ ಮರಳಿ ಕರೆಸುತ್ತಾರೆ. ಘಟ್ಟದ ಮೇಲೆ ಕುಳಿತು ಓದುವ ನಮಗೆ ಆ ಕಾಲದ ಹಿಂದೂಸ್ಥಾನ ಹಾಗೆ ಬರಿಯ ಹೆಸರಾಗಿ ಉಳಿಯುವುದಿಲ್ಲ. 1799ರಲ್ಲಿ ಟಿಪ್ಪುವಿನ ಪತನದ ನಂತರ ನಮ್ಮ ಈ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದು ಕಂದಾಯ ಗೊತ್ತುಮಾಡಿದ. 1801ರಲ್ಲಿ ಕಂಪನಿಯ ಪರವಾಗಿ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕಾನನ್ ಕರಾವಳಿಯಿಂದ ಘಟ್ಟ ಹತ್ತಿ ಸೋಂದೆ, ಶಿರಸಿ, ಬನವಾಸಿಗಳನ್ನು ಹಾದುಹೋಗುತ್ತ ಇಲ್ಲಿನ ಅಡಿಕೆ, ಮೆಣಸಿನ ತೋಟಗಳ ವಿವರಗಳನ್ನು ಬರೆದುಕೊಂಡ. ನಾಯಕ ಇಲ್ಲಿಂದ ಒಯ್ದ ಹಣ ಯಾರ ಬೆವರಿನದು ಎಂಬುದು ಕೂಡ ಅವನ ಲೆಕ್ಕದ ಪುಸ್ತಕಕ್ಕೆ ಸೇರಬೇಕಾದ ಬಾಬತ್ತು.

ಇಂತಹ ಕಥೆಯೊಂದನ್ನು ಕನ್ನಡದಲ್ಲಿ ಯಾರಾದರೂ ಬರೆಯುವುದಾದರೆ, ಅದು ಶಿರಸಿಯ ಹತ್ತಿರದ ಸೋಂದೆಯ ಅರಸರ ಕೊನೆಯ ದಿನಗಳಲ್ಲಿ ನಡೆಯಲಿ ಎಂಬುದು ನನ್ನ ಆಸೆ. ಹೈದರಾಲಿಯ ಸೈನ್ಯ 1763–64ರ ಹೊತ್ತಿಗೆ ಸೋಂದೆಯನ್ನು ಹಿಡಿದಾಗ ಅರಸು ಮನೆತನ ಘಟ್ಟ ಇಳಿದು ಪೋರ್ಚುಗೀಸರ ಆಶ್ರಯ ಬೇಡಿ ಗೋವೆಗೆ ಹೋಯಿತು. ಇಂಗ್ಲಿಷ್ ಕಥೆಗಳಲ್ಲಿ ಲಂಪಟನ ಮೇಲೆ ಸದಾ ಇರುವ ಅನುಮಾನ ಅವನು ಹುಡುಗಿಯ ಹಣಕ್ಕಾಗಿ ಬಂದಿದ್ದಾನೆ ಎಂಬುದು. ಗೋವೆಯಲ್ಲಿ ಪರರ ಹಂಗಿನಲ್ಲಿ ಬಾಳುವ ಸಾಮಂತನೊಬ್ಬನ ತಂಗಿಗೆ ಕೊಡಲು ಭಂಡಾರವೂ ಇಲ್ಲ, ಬಳುವಳಿಯಾಗಿ ಊರೂ ಇಲ್ಲ. ಸೋಂದೆ ನಳನಳಿಸುತ್ತಿದ್ದಾಗ ಅಣ್ಣನ ಜೊತೆ ಕುಡಿದು ಕುಣಿದ ಗೆಳೆಯನೊಬ್ಬ ಆಗಲೂ ಅವಳನ್ನು ಕೇಳಿಕೊಂಡು ಬಂದರೆ ಹಣದ ಅನುಮಾನವಂತೂ ಉಳಿಯುವುದಿಲ್ಲ. ಉಳಿಯುವುದು ನನ್ನ ಅಕ್ಕನ ಮಗಳು ಕೇಳಿದ ಪ್ರಶ್ನೆ. ಜೊತೆಗೆ, ಬಿರುದು ಮಾತ್ರ ಉಳಿದ ಆ ಅಣ್ಣ ಬೇಡ ಎನ್ನಬೇಕಾದರೆ ಈ ಸಲ ಯಾವ ಕಾರಣ ಕೊಡುತ್ತಾನೆ ಎಂಬುದನ್ನೂ ಲೇಖಕಿ ಯೋಚಿಸಬೇಕಾಗುತ್ತದೆ.