ಜನ ಮೆಚ್ಚಿದ ಪೋಷಕ ಪಾತ್ರ ಹೋದಾಗ ಸ್ಕ್ರಿಪ್ಟ್ ಬರೆಯುವವರ ಕೆಲಸ

ಹಾಸ್ಯ ಧಾರಾವಾಹಿಯಲ್ಲಿ ಜನ ಮೆಚ್ಚಿಕೊಂಡ ಪೋಷಕ ನಟರೊಬ್ಬರು ಬಿಟ್ಟು ಹೋದರೆ ಚಾನೆಲ್‌ನವರು ಮೊದಲು ಕೇಳುವುದು, "ಅವರ ಹಾಗೇ ಇರುವವರು ಸಿಗ್ತಾರಾ?" ಅಂತ. ಅಂಥವರನ್ನು ಹುಡುಕಲು ಹೊರಟರೆ ಕೆಲಸ ಕೆಟ್ಟಿತು. ನಾವು ಕಂಡುಕೊಳ್ಳಬೇಕಾದದ್ದು ಆ ಪಾತ್ರ ದೃಶ್ಯದೊಳಗೆ ಯಾವ ಕೆಲಸ ಮಾಡುತ್ತಿತ್ತು ಎಂಬುದನ್ನು.

ಅದನ್ನು ನೆನಪಿನಿಂದ ಹೇಳಲು ಹೋಗಬೇಡಿ. ಹಳೆಯ ಹತ್ತು ಹದಿನೈದು ಕಂತುಗಳ ಸ್ಕ್ರಿಪ್ಟ್ ತೆಗೆದು ಆ ಪಾತ್ರದ ಒಂದೊಂದು ಮಾತಿಗೂ ಗುರುತು ಹಾಕಿ. ನಗು ಬಂದದ್ದು ಅವರ ಮಾತಿಗೋ, ಇನ್ನೊಬ್ಬರು ಕೊಟ್ಟ ಉತ್ತರಕ್ಕೋ? ಸುದ್ದಿ ಹೊತ್ತು ತರುವವರು ಯಾರು, ಜಗಳ ನಿಲ್ಲಿಸುವವರು ಯಾರು? ಉಡುಪಿಯ ಒಂದು ಹೋಟೆಲೇ ಸೆಟ್ ಎಂದುಕೊಳ್ಳಿ. ವಯಸ್ಸಾದ ಸಪ್ಲಾಯರ್ ಬನ್ಸ್ ಕೇಳಿದವರಿಗೆ ಗೋಳಿಬಜೆ ತಂದಿಡುತ್ತಾರೆ, ಗಿರಾಕಿ ರೇಗುತ್ತಾನೆ, ಗಲ್ಲಾದಲ್ಲಿ ಕೂತ ಧಣಿ ಗಿರಾಕಿಯನ್ನೇ ಗದರಿಸುತ್ತಾರೆ. ಗುರುತು ಹಾಕಿ ನೋಡಿದರೆ ತಟ್ಟೆ ಅದಲುಬದಲಾದದ್ದಕ್ಕೆ ಯಾರೂ ಅಷ್ಟು ನಗುವುದಿಲ್ಲ; ಕಡು ಜಿಪುಣ ಧಣಿ ಇವರೊಬ್ಬರ ವಿಷಯದಲ್ಲಿ ಮೆತ್ತಗಾಗುತ್ತಾರಲ್ಲ, ಅಲ್ಲಿದೆ ನಗು. ಹಾಗಾಗಿ ನಮಗೆ ಬೇಕಾದದ್ದು ಧಣಿಗೆ ಬಿಟ್ಟುಕೊಡಲಾಗದ ಇನ್ನೊಂದು ಜೀವ. ಅದು ಅಡುಗೆಮನೆಗೆ ಬಂದ ಹೆಂಗಸಾಗಬಹುದು, ಪಿಯುಸಿ ಮುಗಿಸಿದ ಹುಡುಗನಾಗಬಹುದು, ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪದವರೂ ಆಗಬಹುದು.

ಒಂದು ಬಾರ್‌ನಲ್ಲಿ ನಡೆಯುವ ಅಮೆರಿಕದ ಹಾಸ್ಯ ಧಾರಾವಾಹಿ 'ಚಿಯರ್ಸ್'ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿನ ವಯಸ್ಸಾದ ಬಾರ್‌ಟೆಂಡರ್ ಕೋಚ್ ಪಾತ್ರದ ನಿಕೋಲಸ್ ಕೊಲಸಾಂಟೊ 1985ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಬಂದ ವುಡಿ ಹ್ಯಾರಲ್ಸನ್ ಮಾಡಿದ್ದೂ ಮಾತನ್ನು ಅಪಾರ್ಥ ಮಾಡಿಕೊಳ್ಳುವ ಮುಗ್ಧನ ಕೆಲಸವನ್ನೇ. ಆದರೆ ಮುದುಕರ ಮರೆವಿನ ಜಾಗಕ್ಕೆ ಹಳ್ಳಿಯಿಂದ ಬಂದ ಹುಡುಗನ ಮುಗ್ಧತೆ ಬಂತು. ಅವನು ಆ ಬಾರ್‌ಗೆ ಬರುವುದೇ ಕೋಚ್ ಅವರನ್ನು ಹುಡುಕಿಕೊಂಡು. ಸಾವಿನ ಸುದ್ದಿಯನ್ನು ಪ್ರೇಕ್ಷಕರಿಗೆ ಮುಟ್ಟಿಸುವ ಕೆಲಸವೂ ಹೊಸಬನ ಪ್ರವೇಶವೂ ಒಂದೇ ದೃಶ್ಯದಲ್ಲಿ ಮುಗಿದವು. ಕೊಲಸಾಂಟೊ ಅವರ ಡ್ರೆಸ್ಸಿಂಗ್ ರೂಮಿನಲ್ಲಿದ್ದ, ಅಪಾಚೆ ಬುಡಕಟ್ಟಿನ ನಾಯಕ ಜೆರೊನಿಮೊ ಚಿತ್ರವನ್ನು ಸೆಟ್ಟಿನ ಗೋಡೆಗೆ ಹಾಕಿದರು. 1993ರ ಕೊನೆಯ ಕಂತಿನವರೆಗೂ ಅದು ಅಲ್ಲೇ ಇತ್ತು. ಹೋದವರಿಗೆ ಕೊಡುವ ಗೌರವ ಸೆಟ್ಟಿನಲ್ಲಿರಲಿ, ಹೊಸಬರ ಬಾಯಲ್ಲಿ ಬೇಡ ಎಂದು ನಾನು ಹೇಳುವುದು ಇದಕ್ಕೇ.

ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯಲ್ಲಿ ನಡೆಯುವ ಅಮೆರಿಕದ ಇನ್ನೊಂದು ಧಾರಾವಾಹಿ 'ಮ್ಯಾಶ್' ಹಿಡಿದದ್ದು ಬೇರೆ ದಾರಿ. 1977ರಲ್ಲಿ ದಡ್ಡ ವೈದ್ಯ ಫ್ರಾಂಕ್ ಬರ್ನ್ಸ್ ಪಾತ್ರ ಹೋದ ಮೇಲೆ ಇನ್ನೊಬ್ಬ ದಡ್ಡನನ್ನು ತರದೆ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ, ಅಹಂಕಾರಿ ವಿಂಚೆಸ್ಟರ್‌ನನ್ನು ತಂದರು. ಎದುರಾಳಿಯ ಜಾಗ ಹಾಗೇ ಉಳಿಯಿತು, ಆದರೆ ಎದುರಾಳಿ ಸರಿಸಮಾನನಾದ. ಹಳೆಯ ಕೀಟಲೆಗಳೆಲ್ಲ ಇವನ ಮುಂದೆ ನಡೆಯದೆ ಹೋದದ್ದರಿಂದ ಉಳಿದ ಪಾತ್ರಗಳಿಗೂ ಹೊಸ ಮಾತು ಬರೆಯಬೇಕಾಯಿತು. ನನಗೆ ಈ ದಾರಿಯೇ ಹೆಚ್ಚು ಇಷ್ಟ, ಶ್ರಮ ಜಾಸ್ತಿಯಾದರೂ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಅಪಾಯ ಉಂಟು, ಭಾಷೆಯದ್ದು. ಹಳಬರು ಕುಂದಾಪುರದವರಾಗಿದ್ದು "ಎಂತ ಮಾಡೂದ್ ಮಾರ್ರೆ" ಎಂದು ಪದಗಳನ್ನು ಕತ್ತರಿಸಿ ಮುಗಿಸುತ್ತಿದ್ದರೆ, ಎದುರಿನ ನಟ ಉತ್ತರ ಕೊಡುವ ಗಳಿಗೆ ಆ ಕತ್ತರಿಕೆಗೆ ಹೊಂದಿಕೊಂಡಿರುತ್ತದೆ. ಮಂಗಳೂರಿನ ನಟರು ಅದನ್ನೇ "ಎಂತ ಮಾಡುವುದು ಮಾರಾಯ್ರೆ" ಎಂದರೆ ಸಾಲು ಉದ್ದವಾಗಿ ಉತ್ತರ ತಡವಾಗುತ್ತದೆ, ನಗು ಬಿದ್ದೇ ಹೋಗುತ್ತದೆ. ಅವರಿಂದ ಕುಂದಾಪ್ರ ಕನ್ನಡ ಅನುಕರಣೆ ಮಾಡಿಸಿದರೆ ಬೈಂದೂರಿನವರು ಮೊದಲ ಸಾಲಿಗೇ ಕಂಡುಹಿಡಿಯುತ್ತಾರೆ. ನಟರ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಕೇಳಿಕೊಂಡು, ಅವರ ಕನ್ನಡ ಹೇಗೆ ಬರುತ್ತದೋ ಹಾಗೇ ಬರೆಯಿರಿ. ಯಕ್ಷಗಾನ ಮೇಳದಲ್ಲಿ ಹಾಸ್ಯಗಾರರು ಬದಲಾದಾಗ ಪದ್ಯ ಅದೇ ಇರುತ್ತದೆ, ಮಾತು ಮಾತ್ರ ಹೊಸಬರದ್ದು. ಆಶುವಾಗಿ ಆಡುವುದರಿಂದ ಅವರಿಗೆ ಅದು ತಾನಾಗಿ ಬರುತ್ತದೆ. ಧಾರಾವಾಹಿಯಲ್ಲಿ ಆ ಕೆಲಸ ನಾವೇ ಮಾಡಿಕೊಡಬೇಕು.

ಹೋಗುವವರ ಕಡೆಯ ದೃಶ್ಯವನ್ನು ಅವರ ಡೇಟ್ಸ್ ಮುಗಿಯುವ ಮೊದಲೇ ತೆಗೆದಿಟ್ಟುಕೊಳ್ಳಿ. ಮನಸ್ತಾಪದಿಂದ ಹೋದವರಾದರೆ "ಮಗನ ಹತ್ತಿರ ಮುಂಬೈಗೆ ಹೋಗಿದ್ದಾರೆ" ಎಂಬ ಒಂದು ಸಾಲು ಸಾಕು. ಪ್ರತಿ ವಾರ ಫೋನ್ ಬಂದಂತೆ ತೋರಿಸಿದರೆ ಜನ ಅವರು ವಾಪಸ್ ಬರುತ್ತಾರೆಂದು ಕಾಯುತ್ತಾ ಕೂರುತ್ತಾರೆ.

22 ನಿಮಿಷದ ಮೊದಲ ಕಂತಿನಲ್ಲಿ ಹೊಸಬರಿಗೆ ಎರಡು ಮೂರು ದೃಶ್ಯ ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಹಿನ್ನೆಲೆ ಹೇಳಿಸುತ್ತಾ ಕೂರದೆ ಒಂದು ತೊಂದರೆಯ ಜೊತೆ ಒಳಗೆ ತನ್ನಿ: ಬೆಳಿಗ್ಗೆ ಏಳಕ್ಕೆ ಗ್ಯಾಸ್ ಖಾಲಿ, ಹೊರಗೆ ದೇವಸ್ಥಾನಕ್ಕೆ ಬಂದವರ ಬಸ್ಸು ನಿಂತಿದೆ. ಉಳಿದ ಪಾತ್ರಗಳಿಂದ ಅವರನ್ನು ಹೊಗಳಿಸಬೇಡಿ. ಹೊಗಳಿದಷ್ಟೂ ನೋಡುವವರು ಹಳಬರ ಜೊತೆ ತೂಗಿ ನೋಡುತ್ತಾರೆ. ಹಳಬರು ಕೂರುತ್ತಿದ್ದ ಸ್ಟೂಲಿನಲ್ಲಿ ಕೂರಿಸಬೇಡಿ. ಎಲ್ಲರೂ ಹೇಳಿಕೊಂಡು ತಿರುಗುವಂಥ ಡೈಲಾಗನ್ನು ಮೊದಲೇ ಅಂಟಿಸಲೂಬೇಡಿ, ಅದು ನಟರ ಬಾಯಲ್ಲಿ ತಾನಾಗಿ ಹುಟ್ಟಬೇಕು. ಮುಂದಿನ ನಾಲ್ಕೈದು ಕಂತುಗಳಲ್ಲಿ ಒಬ್ಬೊಬ್ಬ ಖಾಯಂ ಪಾತ್ರದ ಜೊತೆ ಅವರಿಗೆ ಒಂದೊಂದು ದೃಶ್ಯ ಬರೆಯಿರಿ; ಯಾರ ಜೊತೆ ಜೋಡಿ ಕೂಡುತ್ತದೆಂದು ಆಗ ಗೊತ್ತಾಗುತ್ತದೆ.

ಸಾಧ್ಯವಾದರೆ ಪ್ರವೇಶದ ಕಂತನ್ನು ಮೊದಲು ಶೂಟ್ ಮಾಡಬೇಡಿ. ಮೂರನೆಯ, ನಾಲ್ಕನೆಯ ಕಂತಿನ ಅಡುಗೆಮನೆ ದೃಶ್ಯಗಳನ್ನು ಮೊದಲು ಮುಗಿಸಿಕೊಂಡರೆ, ಜನ ಕಣ್ಣಿಟ್ಟು ನೋಡುವ ಆ ಮೊದಲ ದೃಶ್ಯದ ಹೊತ್ತಿಗೆ ನಟರಿಗೆ ಸೆಟ್ಟೂ ಜೊತೆಯವರ ಟೈಮಿಂಗೂ ಅಭ್ಯಾಸವಾಗಿರುತ್ತದೆ.